ಕಂಪ್ಯೂಟರಿನಲ್ಲೊಂದು ತೆಂಗಿನ ತೋಟ

ಹೊಸದಾಗಿ ತೆಂಗಿನ ಸಸಿ ಇಡುವ ಹೊಲವನ್ನು ನೀವು ನೋಡಿರುತ್ತೀರಿ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳಾದರೆ ಅಲ್ಲಿ ಹಗ್ಗದ ತುದಿ ಹಿಡಿದು ನಿಂತೂ ಇರುತ್ತೀರಿ. ತಾತ ಹೊಲದ ಮೂಲೆಯಲ್ಲಿ ಒಂದು ಗೂಟ ಹೊಡೆಯುತ್ತಾರೆ. ಅಲ್ಲಿಂದ ಮೂವತ್ತು ಅಡಿಯ ಹಗ್ಗ ಎಳೆದು ಇನ್ನೊಂದು ಗೂಟ, ಅಲ್ಲಿಂದ ಮತ್ತೊಂದು. "ಸಡ್ಲ ಬಿಡ್ಬೇಡ ಮಗ, ಬಿಗಿಯಾಗಿ ಹಿಡಿ. ಇಲ್ಲಿ ಒಂದು ಗೇಣು ತಪ್ಪಿದ್ರೆ ಆ ತುದೀಲಿ ಸಾಲೇ ಸೊಟ್ಟ ಆಗ್ತದೆ" ಎನ್ನುತ್ತಾರೆ. ಸಂಜೆಯ ಹೊತ್ತಿಗೆ ಹೊಲದ ತುಂಬ ಗೂಟಗಳು. ಒಂದೊಂದು ಗೂಟದ ಜಾಗದಲ್ಲೂ ಒಂದೊಂದು ಗುಂಡಿ, ಗುಂಡಿಗೊಂದು ಸಸಿ.

ಈಗ ಒಂದು ಪ್ರಶ್ನೆ. ಒಂದು ಎಕರೆಯಲ್ಲಿ ಎಷ್ಟು ಸಸಿ ಹಿಡಿಸುತ್ತವೆ? ಒಂದು ಎಕರೆ ಎಂದರೆ 43,560 ಚದರ ಅಡಿ. ಹಗ್ಗ 30 ಅಡಿ ಇದ್ದರೆ ಒಂದು ಸಸಿಗೆ 30×30, ಅಂದರೆ 900 ಚದರ ಅಡಿ ಜಾಗ. ಭಾಗಿಸಿದರೆ 48 ಸಸಿ. ಹಗ್ಗವನ್ನು 25 ಅಡಿಗೆ ಕತ್ತರಿಸಿ. ಈಗ ಸಸಿಗೆ 625 ಚದರ ಅಡಿ, ಎಕರೆಗೆ 69 ಸಸಿ. ಹಗ್ಗದಲ್ಲಿ ಕತ್ತರಿಸಿದ್ದು ಬರೀ ಐದು ಅಡಿ. ತೋಟಕ್ಕೆ ಬಂದದ್ದು 21 ಮರ!

ಆ ಹಗ್ಗದ ಉದ್ದವನ್ನು ಕಂಪ್ಯೂಟರಿನ ಭಾಷೆಯಲ್ಲಿ ಪ್ಯಾರಾಮೀಟರ್ ಎನ್ನುತ್ತಾರೆ. ಕನ್ನಡದಲ್ಲಿ ನಿಯತಾಂಕ ಎಂಬ ಪದ ಇದೆ. ಕೆಲಸ ಶುರುವಾಗುವ ಮೊದಲೇ ನಿಶ್ಚಯವಾಗುವ ಅಂಕಿ ಅದು. ಕೆಲಸ ಮುಗಿಯುವವರೆಗೆ ಬದಲಾಗುವುದಿಲ್ಲ. ಆದರೆ ಪಕ್ಕದ ಹೊಲದವರು ಬೇರೆ ಉದ್ದದ ಹಗ್ಗ ತರಬಹುದು. ಗೂಟ ಹೊಡೆಯುವ ವಿಧಾನ ಇಬ್ಬರದೂ ಒಂದೇ, ತೋಟಗಳು ಮಾತ್ರ ಬೇರೆ ಬೇರೆ.

ಕಂಪ್ಯೂಟರಿನಲ್ಲಿ ಇದನ್ನು ಕಲಿಯಲು ಮಕ್ಕಳಿಗೆಂದೇ ಹುಟ್ಟಿದ ಒಂದು ಭಾಷೆ ಇದೆ, ಲೋಗೋ. 1967ರಲ್ಲಿ ಅಮೆರಿಕದಲ್ಲಿ ಸೆಮೂರ್ ಪೇಪರ್ಟ್ ಮತ್ತು ಅವರ ಸಂಗಡಿಗರು ಅದನ್ನು ರೂಪಿಸಿದರು. ಕನ್ನಡದಲ್ಲೇ ಆಜ್ಞೆ ಕೊಡಬಹುದಾದ ಲೋಗೋವನ್ನು ಡಾ. ಯು.ಬಿ. ಪವನಜ ಸಿದ್ಧಪಡಿಸಿದ್ದಾರೆ. ಲೋಗೋದಲ್ಲಿ ಪರದೆಯ ಮೇಲೆ ಒಂದು ಆಮೆ ಇರುತ್ತದೆ. ನೀವು ಹೇಳಿದಂತೆ ಅದು ನಡೆಯುತ್ತದೆ, ನಡೆದ ದಾರಿಯಲ್ಲಿ ಗೆರೆ ಬೀಳುತ್ತದೆ. ಚೌಕ ಬರೆಸಬೇಕಾದರೆ "100 ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು" ಎಂದು ನಾಲ್ಕು ಸಲ ಹೇಳಿದರಾಯಿತು.

ಚೌಕ ದೊಡ್ಡದಾಗಬೇಕು ಎನ್ನಿ. ಆಗ ನಾಲ್ಕೂ ಕಡೆ 100 ಅಳಿಸಿ 150 ಬರೆಯಬೇಕು. ಮೂರು ಕಡೆ ಬದಲಿಸಿ ಒಂದು ಕಡೆ ಮರೆತರೆ? ಆಮೆಗೆ ಏನೂ ಅನ್ನಿಸುವುದಿಲ್ಲ. ಹೇಳಿದಷ್ಟೇ ನಡೆದು ನಿಲ್ಲುತ್ತದೆ. ಚೌಕ ಕೂಡುವುದಿಲ್ಲ, ಬಾಗಿಲು ಹಾಕದ ಕೊಟ್ಟಿಗೆಯ ಹಾಗೆ ಬಾಯಿ ಬಿಟ್ಟುಕೊಂಡಿರುತ್ತದೆ. ಅದಕ್ಕೇ ಅಂಕಿಗೆ ಒಂದು ಹೆಸರಿಡುತ್ತಾರೆ. "ಚೌಕ" ಎಂಬ ಕೆಲಸಕ್ಕೆ "ಉದ್ದ" ಎಂಬ ನಿಯತಾಂಕ. ಒಳಗೆ ಎಲ್ಲ ಕಡೆ "ಉದ್ದದಷ್ಟು ಮುಂದೆ ಹೋಗು" ಎಂದೇ ಬರೆದಿರುತ್ತದೆ. ಆಮೇಲೆ "ಚೌಕ 100" ಎಂದರೆ ಚಿಕ್ಕ ಚೌಕ, "ಚೌಕ 150" ಎಂದರೆ ದೊಡ್ಡದು. ಲೋಗೋದಲ್ಲಿ ಹೀಗೆ ಹೆಸರಿಟ್ಟ ಅಂಕಿಯ ಮುಂದೆ ಎರಡು ಚುಕ್ಕೆ ಹಾಕುತ್ತಾರೆ, :ಉದ್ದ ಎಂದು. ಇದು ಅಂಕಿಯಲ್ಲ, ಅಂಕಿ ಬಂದು ಕೂರುವ ಜಾಗ ಎಂದು ಆಮೆಗೆ ಅದರಿಂದ ಗೊತ್ತಾಗುತ್ತದೆ.

ಆಮೆಯ ಚೌಕ ತಪ್ಪಿದರೆ ಅಳಿಸಿ ಬರೆಯಬಹುದು. ತೋಟದಲ್ಲಿ ಹಾಗಲ್ಲ. ಹಗ್ಗದ ಉದ್ದ ತಪ್ಪಾಯಿತೆಂದು ತಿಳಿಯುವ ಹೊತ್ತಿಗೆ ಮರಗಳು ಎತ್ತರವಾಗಿ ನಿಂತಿರುತ್ತವೆ. ಆದ್ದರಿಂದ ನಿಜವಾದ ತೋಟ ಮಾಡುವ ಮೊದಲು ಲೆಕ್ಕದಲ್ಲೇ ಒಂದು ತೋಟ ಮಾಡಿ ನೋಡುವುದು ಒಳ್ಳೆಯದು. ಇಂಥ ಲೆಕ್ಕದ ತೋಟಕ್ಕೆ ಸಿಮ್ಯುಲೇಶನ್ ಎಂದು ಹೆಸರು. ಕಂಪ್ಯೂಟರ್ ಬೇಕೆಂದೇನೂ ಇಲ್ಲ. ಕರಿಹಲಗೆ, ಸೀಮೆಸುಣ್ಣ ಇದ್ದರೆ ಸಾಕು. ನಾವು ಒಂದು ಬೇಸಿಗೆಯನ್ನು ಮಾಡಿ ನೋಡೋಣ.

ನಮ್ಮ ಲೆಕ್ಕದ ತೋಟ ಒಂದು ಎಕರೆ. ಮರ 48. ಒಂದು ಮರಕ್ಕೆ ದಿನಕ್ಕೆ 50 ಲೀಟರ್ ನೀರು ಎಂದು ಹಿಡಿಯೋಣ. ಬೋರ್‌ವೆಲ್ ಬಲವಾಗಿಲ್ಲ. ಅರ್ಧ ಗಂಟೆ ಓಡಿದರೆ ಗಾಳಿ ಉಗುಳುವ ಬೋರು, ನಿಮ್ಮಲ್ಲಿ ಹಲವರಿಗೆ ಗೊತ್ತಿರುವಂಥದ್ದು. ದಿನಕ್ಕೆ 1,600 ಲೀಟರ್ ಕೊಡುತ್ತದೆ. ಪಕ್ಕದಲ್ಲಿ ಒಂದು ಕೃಷಿ ಹೊಂಡ, 10 ಮೀಟರ್ ಉದ್ದ, 10 ಮೀಟರ್ ಅಗಲ, ಅದರಲ್ಲಿ ಒಂದು ಮೀಟರ್ ಆಳದ ನೀರು. ಅಂದರೆ 100 ಘನ ಮೀಟರ್, ಅರ್ಥಾತ್ 1,00,000 ಲೀಟರ್. ಬೇಸಿಗೆ ಜನವರಿಯಿಂದ ಏಪ್ರಿಲ್ ಕೊನೆಯವರೆಗೆ 120 ದಿನ. ಆಮೇಲೆ ಮಳೆ ಬರುತ್ತದೆ ಎಂದು ನಂಬೋಣ.

ಮರಗಳಿಗೆ ದಿನಕ್ಕೆ ಬೇಕಾದದ್ದು 48×50, ಅಂದರೆ 2,400 ಲೀಟರ್. ಬೋರ್‌ವೆಲ್ ಕೊಡುವುದು 1,600. ಉಳಿದ 800 ಲೀಟರ್ ಹೊಂಡದಿಂದ ಹೋಗಬೇಕು. ಹಲಗೆಯ ಮೇಲೆ ಬರೆಯಿರಿ. ಮೊದಲ ದಿನದ ಸಂಜೆ ಹೊಂಡದಲ್ಲಿ 99,200 ಲೀಟರ್. ಎರಡನೇ ದಿನ 98,400. ಹೀಗೆ ಕಳೆಯುತ್ತ ಹೋದರೆ 125ನೇ ದಿನಕ್ಕೆ ಹೊಂಡ ಬರಿದು. ಬೇಸಿಗೆ 120 ದಿನ ತಾನೇ? ತೋಟ ಪಾರಾಯಿತು. 25 ಅಡಿ ಹಗ್ಗದ ತೋಟದಲ್ಲಾದರೆ 69 ಮರ, ಹೊಂಡದಿಂದ ದಿನಕ್ಕೆ 1,850 ಲೀಟರ್, 54 ದಿನಕ್ಕೆ ಎಲ್ಲ ಖಾಲಿ. ಇನ್ನೂ ಫೆಬ್ರವರಿಯೂ ಮುಗಿದಿರುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಹೊಂಡದ ನೀರು ದಿನದಿನವೂ ಬದಲಾಗುತ್ತ ಹೋಯಿತು. ಅದು ನಿಯತಾಂಕವಲ್ಲ, ಅದು ಚರ. ಮರ 48, ಮರಕ್ಕೆ 50 ಲೀಟರ್, ಬೋರ್‌ವೆಲ್ 1,600 ಲೀಟರ್, ಇವು ನಾವು ಮೊದಲೇ ಇಟ್ಟು ಮುಟ್ಟದೆ ಬಿಟ್ಟ ಅಂಕಿಗಳು. ಇವೇ ನಿಯತಾಂಕಗಳು.

"ಪಾರಾಯಿತು" ಎಂದೆನಲ್ಲ, ಆ ಮಾತು ಸ್ವಲ್ಪ ಆತುರದ್ದು. ಒಂದು ವಿಷಯ ಬಿಟ್ಟುಬಿಟ್ಟಿದ್ದೇವೆ. ಬಿಸಿಲಿಗೆ ಹೊಂಡದ ನೀರು ಆವಿಯಾಗುವುದಿಲ್ಲವೇ? ದಿನಕ್ಕೆ 5 ಮಿಲಿಮೀಟರ್ ಇಳಿಯುತ್ತದೆ ಎಂದು ಹಿಡಿಯಿರಿ. ಬೆರಳಿನ ಉಗುರಿನಷ್ಟೂ ಇಲ್ಲ. ಆದರೆ ಹೊಂಡದ ಮೇಲ್ಮೈ 100 ಚದರ ಮೀಟರ್. ಲೆಕ್ಕ ಹಾಕಿದರೆ ದಿನಕ್ಕೆ 500 ಲೀಟರ್ ಆಕಾಶದ ಪಾಲು! ಈಗ ಹೊಂಡದಿಂದ ಹೋಗುವುದು 800 ಅಲ್ಲ, 1,300. 125 ದಿನ ಬರಬೇಕಾದ ನೀರು 76 ದಿನಕ್ಕೆ ಮುಗಿಯಿತು. ಮಾರ್ಚ್ ಮಧ್ಯದಲ್ಲಿ, ಬಿಸಿಲು ಏರುವ ಹೊತ್ತಿಗೇ, ಹೊಂಡದ ತಳ ಕಾಣುತ್ತದೆ.

ಸಿಮ್ಯುಲೇಶನ್ ಮಾಡುವವರು ಮೊದಲು ಎಡವುವುದು ಇಲ್ಲೇ. ಆವಿಯಾಗುವ ನೀರಿನ ಬಗ್ಗೆ ನಾವು ಏನೂ ಹೇಳಿರಲಿಲ್ಲ. ಹೇಳದೆ ಬಿಟ್ಟದ್ದನ್ನು ಲೆಕ್ಕ ಸೊನ್ನೆ ಎಂದು ತಿಳಿಯಿತು. ಒಂದು ಹನಿಯೂ ಆವಿಯಾಗದ ಹೊಂಡ ಭೂಮಿಯ ಮೇಲೆ ಎಲ್ಲೂ ಇಲ್ಲ. ಆದರೂ ನಾವು ಹಾಗೆಂದು ಹೇಳಿದಂತೆಯೇ ಆಯಿತು.

ಇನ್ನೊಂದು ಎಡವಟ್ಟು ಅಳತೆಯದು. ಆ 5ರ ಮುಂದೆ ಮಿಲಿಮೀಟರ್ ಎಂದು ಬರೆಯದೆ ಬಿಟ್ಟಿರಿ, ಇನ್ನೊಬ್ಬರು ಅದನ್ನು ಸೆಂಟಿಮೀಟರ್ ಎಂದುಕೊಂಡರು ಎನ್ನಿ. ಆಗ ದಿನಕ್ಕೆ 5,000 ಲೀಟರ್ ಆವಿ, 17 ದಿನಕ್ಕೆ ಹೊಂಡ ಖಾಲಿ. ನಗಬೇಡಿ, ದೊಡ್ಡವರೂ ಹೀಗೆ ಎಡವಿದ್ದಾರೆ. 1999ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಒಂದು ನೌಕೆ ಮಂಗಳ ಗ್ರಹದ ಬಳಿ ಹೋಗಿ ನಾಶವಾಯಿತು. ನೌಕೆಯ ಪುಟ್ಟ ಎಂಜಿನ್‌ಗಳ ತಳ್ಳುವಿಕೆಯನ್ನು ಒಂದು ತಂಡದ ತಂತ್ರಾಂಶ ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಲೆಕ್ಕ ಎಂದು ತಿಳಿದಿತ್ತು. ಒಂದು ಪೌಂಡ್ ಬಲಕ್ಕೆ ಸುಮಾರು ನಾಲ್ಕೂವರೆ ನ್ಯೂಟನ್. ನೌಕೆ ಗ್ರಹಕ್ಕೆ ತೀರ ಹತ್ತಿರ ಹೋಗಿಬಿಟ್ಟಿತು.

ಸರಿ, ನಮ್ಮ ತೋಟಕ್ಕೆ ಬರೋಣ. 76 ದಿನವನ್ನು 120ಕ್ಕೆ ಏರಿಸುವುದು ಹೇಗೆ? ಇಲ್ಲಿ ಆತುರಪಟ್ಟು ಎಲ್ಲ ಅಂಕಿಗಳನ್ನೂ ಒಟ್ಟಿಗೆ ಬದಲಿಸಬಾರದು. ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಒಂದನ್ನು ಬದಲಿಸಿ, ಉಳಿದದ್ದನ್ನು ಮೊದಲಿದ್ದ ಹಾಗೇ ಇಟ್ಟು, ಲೆಕ್ಕ ಓಡಿಸಿ. ಮತ್ತೆ ಅದನ್ನು ಮೊದಲಿನಂತೆ ಮಾಡಿ, ಇನ್ನೊಂದನ್ನು ಬದಲಿಸಿ. ಮೂರಕ್ಕೂ ಐದನೇ ಒಂದು ಭಾಗದಷ್ಟು ಸುಧಾರಣೆ ಕೊಟ್ಟು ನೋಡೋಣ.

ಹೊಂಡದ ಮೇಲೆ ನೆರಳು ಮಾಡಿ ಆವಿಯನ್ನು 5 ಮಿ.ಮೀ.ನಿಂದ 4ಕ್ಕೆ ಇಳಿಸಿದರೆ 83 ದಿನ. ಬೋರ್‌ವೆಲ್ 1,600ರ ಬದಲು 1,920 ಲೀಟರ್ ಕೊಟ್ಟರೆ 102 ದಿನ. ಮರದ ಬುಡಕ್ಕೆ ಗರಿ, ಕಾಯಿಸಿಪ್ಪೆ ಮುಚ್ಚಿ, ಹನಿ ನೀರಾವರಿ ಮಾಡಿ, ಮರಕ್ಕೆ 50ರ ಬದಲು 40 ಲೀಟರ್ ಸಾಕಾಗುವಂತೆ ಮಾಡಿದರೆ 121 ದಿನ!

ಮೂರೂ ಐದನೇ ಒಂದು ಭಾಗದ ಬದಲಾವಣೆಯೇ. ಆದರೆ ಒಂದಕ್ಕೆ ಏಳು ದಿನ ಸಿಕ್ಕಿತು, ಒಂದಕ್ಕೆ 26 ದಿನ, ಒಂದಕ್ಕೆ 45 ದಿನ. ಯಾವ ಅಂಕಿಯನ್ನು ಸ್ವಲ್ಪ ಅಲುಗಿಸಿದರೆ ಉತ್ತರ ತುಂಬ ಅಲುಗುತ್ತದೋ, ಆ ಅಂಕಿಯನ್ನೇ ಹೆಚ್ಚು ಜಾಗ್ರತೆಯಿಂದ ಅಳೆಯಬೇಕು. ಕೈಯಲ್ಲಿರುವ ದುಡ್ಡು ಖರ್ಚು ಮಾಡುವ ಮೊದಲು ಅಲ್ಲೇ ಯೋಚಿಸಬೇಕು. ನೆರಳಿಗೆ ದುಡ್ಡು ಹಾಕುವುದೋ, ಹೊಸ ಬೋರು ಕೊರೆಸಲು ಸಾಲ ಮಾಡುವುದೋ, ಮನೆಯಲ್ಲೇ ಬಿದ್ದಿರುವ ಸಿಪ್ಪೆಯನ್ನು ಬುಡಕ್ಕೆ ಹಾಕುವುದೋ ಎಂಬುದು ಒಂದು ಮನೆಯ ಮಟ್ಟಿಗೆ ಸಣ್ಣ ಪ್ರಶ್ನೆಯಲ್ಲ.

ಬೋರ್‌ವೆಲ್ ದಿನವೂ ಒಂದೇ ಸಮ ನೀರು ಕೊಡುತ್ತದೆಯೇ ಎಂದು ಯಾರಾದರೂ ಕೇಳಿದರೆ ಅವರಿಗೆ ಶಹಬ್ಬಾಸ್ ಎನ್ನಬೇಕು. ಕೊಡುವುದಿಲ್ಲ. ದಿನಕ್ಕೆ ಹತ್ತು ಲೀಟರ್‌ನಂತೆ ಕಡಿಮೆಯಾಗುತ್ತ ಹೋಗುತ್ತದೆ ಎಂದು ಹಿಡಿಯಿರಿ. ಆಗ ಬೋರ್‌ವೆಲ್ಲಿನ ನೀರೂ ಚರವಾಯಿತು. ಮೊದಲ ದಿನದ 1,600 ಮತ್ತು ದಿನದಿನದ ಇಳಿತ 10, ಇವೆರಡು ಹೊಸ ನಿಯತಾಂಕಗಳಾದವು. ಮರಕ್ಕೆ 40 ಲೀಟರ್ ಮಾತ್ರ ಕೊಟ್ಟರೂ ಈಗ ಹೊಂಡ 81 ದಿನ ಬರುತ್ತದೆ ಅಷ್ಟೇ. ಈ ಲೆಕ್ಕವನ್ನು ಹಲಗೆಯ ಮೇಲೆ ಮಾಡಲು ಒಂದು ಪೀರಿಯಡ್ ಸಾಲದು. ಕಂಪ್ಯೂಟರ್ ಕಣ್ಣು ಮಿಟುಕಿಸುವುದರಲ್ಲಿ ಮಾಡುತ್ತದೆ. ಕಂಪ್ಯೂಟರ್ ಬೇಕಾಗುವುದು ಇಂಥ ಕಡೆ.

ಇಷ್ಟಾದರೂ ನಮ್ಮ ಲೆಕ್ಕದಲ್ಲಿರುವುದು ಹೊಂಡದ ನೀರು ಮಾತ್ರ, ಮರ ಇಲ್ಲ. ನೀರು ನಿಂತ ಮರುದಿನವೇ ತೆಂಗಿನ ಮರ ಸಾಯುವುದಿಲ್ಲ. ಗರಿ ಜೋತು ಬೀಳುತ್ತವೆ, ಹೀಚು ಉದುರುತ್ತವೆ. ಅದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೊಂದಿದೆ. ಇವತ್ತು ನೀವು ನೋಡುವ ಹೊಂಬಾಳೆ, ಸುಮಾರು 32 ತಿಂಗಳ ಹಿಂದೆಯೇ ಮರದ ಸುಳಿಯೊಳಗೆ ಮೂಡಿದ ಮೊಗ್ಗು. ಹೊಂಬಾಳೆ ಬಿರಿದ ಮೇಲೆ ಕಾಯಿ ಬಲಿಯಲು ಮತ್ತೆ ಸುಮಾರು 12 ತಿಂಗಳು. ಒಟ್ಟು 44 ತಿಂಗಳು. ನೀವು ಒಂದನೇ ತರಗತಿಗೆ ಸೇರಿದ ಜೂನ್‌ನಲ್ಲಿ ಮೂಡಿದ ಮೊಗ್ಗು, ನೀವು ನಾಲ್ಕನೇ ತರಗತಿಯ ಪರೀಕ್ಷೆಗೆ ಓದುವಾಗ ಕಾಯಿಯಾಗಿ ಕೈಗೆ ಬರುತ್ತದೆ. ತಿಪಟೂರಿನ ಉಂಡೆ ಕೊಬ್ಬರಿ ಆಗಬೇಕಾದರೆ ಆ ಕಾಯಿ ಅಟ್ಟದಲ್ಲಿ ಇನ್ನೂ ಹಲವು ತಿಂಗಳು ಕಾಯಬೇಕು.

2016ರ ಬರದಲ್ಲಿ ತುಮಕೂರು ಜಿಲ್ಲೆಯ ಎಷ್ಟೋ ತೋಟಗಳು ಒಣಗಿದವು. ಅಂಥ ಬರದ ನಂತರ ಮಳೆ ಚೆನ್ನಾಗಿ ಬಂದರೂ "ಮಳೆ ಆಯ್ತು, ಕಾಯಿ ಯಾಕಿಲ್ಲ?" ಎಂದು ಹಿರಿಯರು ಕೇಳುವುದನ್ನು ನೀವು ಕೇಳಿರಬಹುದು. ಮರ ಬಂಜೆಯಾಯಿತೆಂದು ಕಡಿಸಿದವರೂ ಇರುತ್ತಾರೆ. ಬರದ ಪೆಟ್ಟು ಸುಳಿಯೊಳಗಿನ ಮೊಗ್ಗಿಗೂ ಬಿದ್ದಿರುತ್ತದೆ. ಆ ಮೊಗ್ಗಿನ ಸರದಿ ಬರುವವರೆಗೆ, ಮೂರು ನಾಲ್ಕು ವರ್ಷ, ಫಸಲಿನಲ್ಲಿ ಅದರ ಗುರುತು ಕಾಣುತ್ತಲೇ ಇರುತ್ತದೆ. ತೆಂಗಿನ ಸಿಮ್ಯುಲೇಶನ್‌ನಲ್ಲಿ ಈ ಕಾಯುವ ಅವಧಿಯೂ ಒಂದು ನಿಯತಾಂಕ. ರಾಗಿಯ ಲೆಕ್ಕಕ್ಕೆ ಅದು ಬೇಕಿಲ್ಲ. ಆ ವರ್ಷ ಬಿತ್ತಿ ಆ ವರ್ಷವೇ ಕೊಯ್ಯುವ ಬೆಳೆ ಅದು.

ಇಂಥ ತಂತ್ರಾಂಶ ನಿಜವಾಗಿಯೂ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಭತ್ತ, ಗೋಧಿಯಂಥ ಬೆಳೆಗಳಿಗಾಗಿ ಇನ್ಫೋಕ್ರಾಪ್ ಎಂಬ ಸಿಮ್ಯುಲೇಶನ್ ತಂತ್ರಾಂಶ ರೂಪುಗೊಂಡಿತ್ತು. ಅದನ್ನು ತೆಂಗಿಗೆ ಹೊಂದಿಸಿದವರು ಡಾ. ಎಸ್. ನರೇಶ್ ಕುಮಾರ್ ಮತ್ತು ಸಂಗಡಿಗರು. ಅದರ ವಿವರ 2008ರಲ್ಲಿ ಪ್ರಕಟವಾಯಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ತೆಂಗಿನ ಮೇಲೆ ನಡೆದ ಅನೇಕ ವರ್ಷಗಳ ಅಧ್ಯಯನ ಅದರ ಬೆನ್ನಿಗಿತ್ತು. ಅಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ.

ಅವರು ಮಾಡಿದ ಕೆಲಸದಲ್ಲಿ ಎರಡು ಹಂತ ಇತ್ತು. ಮೊದಲನೆಯದು, ಈಗಾಗಲೇ ಅಳೆದಿಟ್ಟ ಮಾಹಿತಿಗೆ ಉತ್ತರ ಹೊಂದುವಂತೆ ನಿಯತಾಂಕಗಳನ್ನು ಸರಿಪಡಿಸುವುದು. ವೀಣೆಗೆ ಶ್ರುತಿ ಕೂಡಿಸಿದ ಹಾಗೆ. ಆದರೆ ಅಷ್ಟಕ್ಕೇ ನಿಂತರೆ ಪುಸ್ತಕದ ಹಿಂದಿನ ಉತ್ತರ ನೋಡಿಕೊಂಡು ಲೆಕ್ಕ ಮಾಡಿದಂತಾಗುತ್ತದೆ. ಯಾವ ಅಂಕಿ ತಿರುಚಿದರೂ ಹಳೆಯ ಉತ್ತರ ತರಿಸಬಹುದು. ಅದಕ್ಕೇ ಎರಡನೇ ಹಂತದಲ್ಲಿ ಬೇರೆ ಪ್ರಯೋಗಗಳ ಇಳುವರಿಯನ್ನು ಇಟ್ಟುಕೊಂಡು ಒರೆಗೆ ಹಚ್ಚಿದರು. ಲೆಕ್ಕದ ಇಳುವರಿ ನಿಜದ ಇಳುವರಿಗೆ ಹತ್ತಿರವೇ ಬಂತು, ಕೆಲವು ಕಡೆ ನೂರಕ್ಕೆ 15ರಷ್ಟು ವ್ಯತ್ಯಾಸ ಕಂಡಿತು. ಅದನ್ನು ಅವರು ಮುಚ್ಚಿಡದೆ ಬರೆದಿದ್ದಾರೆ. ಆಮೇಲೆ 2013ರಲ್ಲಿ, ಹವಾಮಾನ ಬದಲಾದರೆ ದೇಶದ ತೆಂಗಿಗೆ ಏನಾಗಬಹುದು ಎಂದು ನೋಡಲು ಇದೇ ತಂತ್ರಾಂಶ ಬಳಸಿದ ಅಧ್ಯಯನ ಬಂತು. ಪಶ್ಚಿಮ ಕರಾವಳಿಯಲ್ಲಿ ಇಳುವರಿ ಹೆಚ್ಚಬಹುದು, ಪೂರ್ವ ಕರಾವಳಿಯಲ್ಲಿ ತಗ್ಗಬಹುದು ಎಂದು ಅದು ತೋರಿಸಿತು. ಒಂದೇ ತಂತ್ರಾಂಶ, ಊರು ಬೇರೆಯಾದಂತೆ ಉತ್ತರ ಬೇರೆ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ತಿಪಟೂರಿನ ಕಡೆ ಅದರ ಐದನೇ ಒಂದು ಭಾಗದ ಆಸುಪಾಸು. ಅಲ್ಲಿನ ಅಂಕಿಗಳನ್ನು ತುಂಬಿಟ್ಟ ತಂತ್ರಾಂಶವನ್ನು ಇಲ್ಲಿ ತಂದು ಹಾಗೇ ಓಡಿಸಿದರೆ ಕಂಪ್ಯೂಟರ್ ತಕರಾರು ಮಾಡುವುದಿಲ್ಲ. ಅಚ್ಚುಕಟ್ಟಾದ ಒಂದು ಉತ್ತರ ಕೊಡುತ್ತದೆ, ಅಷ್ಟೇ. ನಾವು ಏನೂ ಹೇಳದಿದ್ದರೆ ತಂತ್ರಾಂಶ ತಾನೇ ಹಿಡಿಯುವ ಇಂಥ ಅಂಕಿಗೆ ಡೀಫಾಲ್ಟ್ ಎನ್ನುತ್ತಾರೆ. ಯಾವ ತಂತ್ರಾಂಶ ತೆರೆದರೂ ಮೊದಲು ಆ ಅಂಕಿಗಳ ಪಟ್ಟಿ ನೋಡಿ, ಇವು ಯಾವ ಊರಿನವು ಎಂದು ಕೇಳಬೇಕು.

ಮೇಲಿನ ಲೆಕ್ಕದ 50 ಲೀಟರ್, 1,600 ಲೀಟರ್, 5 ಮಿಲಿಮೀಟರ್ ಕೂಡ ನಾವು ಲೆಕ್ಕಕ್ಕೆಂದು ಹಿಡಿದವು, ನಿಮ್ಮ ತೋಟದವಲ್ಲ. ಮೂರರಲ್ಲಿ ಎರಡನ್ನು ನೀವೇ ಅಳೆಯಬಹುದು.

ಆವಿಯ ಅಳತೆಗೆ ಪಕ್ಕೆಗಳು ನೇರವಾಗಿರುವ ಒಂದು ಅಗಲ ಪಾತ್ರೆ ಸಾಕು. ಹೊಂಡದ ಬಳಿ ಬಿಸಿಲು ಬೀಳುವ ಕಡೆ ಇಟ್ಟು ಮುಕ್ಕಾಲು ಭಾಗ ನೀರು ತುಂಬಿ. ನಾಯಿ, ಕಾಗೆ ಕುಡಿಯದಂತೆ ಮೇಲೆ ತಂತಿಬಲೆ ಮುಚ್ಚಿ. ದಿನವೂ ಬೆಳಿಗ್ಗೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಸ್ಕೇಲು ನಿಲ್ಲಿಸಿ ನೀರಿನ ಮಟ್ಟ ಬರೆದುಕೊಳ್ಳಿ. ಹತ್ತು ದಿನದ ಇಳಿತವನ್ನು ಹತ್ತರಿಂದ ಭಾಗಿಸಿ. ಪಾತ್ರೆಯ ನೀರು ಹೊಂಡದ ನೀರಿಗಿಂತ ಬೇಗ ಕಾಯುವುದರಿಂದ ಅಂಕಿ ತುಸು ಹೆಚ್ಚೇ ಬರುತ್ತದೆ, ಅದನ್ನೂ ಪಕ್ಕದಲ್ಲಿ ಬರೆದಿಡಿ. ಹೊಂಡದ ನೀರಿಗೆ ಮಾತ್ರ ಇಳಿಯಬೇಡಿ, ಅಂಚಿಗೆ ಹೋಗುವುದಾದರೂ ದೊಡ್ಡವರ ಜೊತೆಗೇ ಹೋಗಿ.

ಬೋರ್‌ವೆಲ್ಲಿಗೆ ಒಂದು ಬಕೆಟ್, ಒಂದು ಗಡಿಯಾರ. 15 ಲೀಟರ್ ಬಕೆಟ್ 18 ಸೆಕೆಂಡಿಗೆ ತುಂಬಿತು ಎನ್ನಿ. ಆಗ ನಿಮಿಷಕ್ಕೆ 50 ಲೀಟರ್. ದಿನಕ್ಕೆ 32 ನಿಮಿಷ ಓಡಿದರೆ 1,600 ಲೀಟರ್. ಪ್ರತಿ ಭಾನುವಾರ ಅಳೆಯಿರಿ. ಮೋಟಾರ್ ಹಾಕುವ ಕೆಲಸ ಅಪ್ಪನದೋ ಅಮ್ಮನದೋ ಆಗಿರಲಿ, ಬಕೆಟ್ ಮತ್ತು ಗಡಿಯಾರ ನಿಮ್ಮವು. ಅಂಕಿಯ ಪಕ್ಕದಲ್ಲಿ ತಾರೀಖು, ಅಳತೆಯ ಹೆಸರು, ಅಳೆದವರ ಹೆಸರು ಮೂರನ್ನೂ ಬರೆಯುವುದು ಮರೆಯಬೇಡಿ. ಮೇ ತಿಂಗಳ ಕೊನೆಯ ಭಾನುವಾರದ ಅಂಕಿಯನ್ನು ಜನವರಿಯದರ ಕೆಳಗೆ ಇಟ್ಟು ತಾತನಿಗೆ ತೋರಿಸಿ.